ಪಕ್ಕದವರಿಗಷ್ಟೇ ಕೇಳುವ ಕಾಯಿಲೆ

ಗೊರಕೆಯ ಮಾತು ಬಂದರೆ ನಮ್ಮ ಮನೆಗಳಲ್ಲಿ ಮೊದಲು ಏಳುವುದು ನಗು. ಮದುವೆಯ ಹಿಂದಿನ ರಾತ್ರಿ ಛತ್ರದ ಹಾಲಿನಲ್ಲಿ ಜಮಖಾನ ಹಾಸಿ ಸಾಲಾಗಿ ಮಲಗಿದ ನೆಂಟರಲ್ಲಿ ಯಾರದು ಯಾವ ಶ್ರುತಿ, ಯಾರು ಯಾರಿಗೆ ಜೊತೆ ಕೊಟ್ಟರು ಎಂಬುದೆಲ್ಲ ಮರುದಿನ ಉಪ್ಪಿಟ್ಟು ಕೇಸರಿಬಾತಿನ ಪಂಕ್ತಿಯಲ್ಲಿ ಚರ್ಚೆಗೆ ಬರುತ್ತದೆ. ರಾತ್ರಿ ಬಸ್ಸಿನಲ್ಲಿ ಹಿಂದಿನ ಸೀಟಿನವರು ಗೊರಕೆ ಶುರುಮಾಡಿದರೆ ಸುತ್ತಲಿನ ಅಪರಿಚಿತರೆಲ್ಲ ಕಣ್ಣಿನಲ್ಲೇ ಮಾತಾಡಿಕೊಂಡು ಪರಿಚಿತರಾಗುತ್ತಾರೆ. ಕುಂಭಕರ್ಣನ ಹೆಸರು ಬರದೆ ಈ ಮಾತು ಮುಗಿಯುವುದಿಲ್ಲ. ವಾಲ್ಮೀಕಿಯ ಯುದ್ಧಕಾಂಡದಲ್ಲಿ ಅವನನ್ನು ಎಬ್ಬಿಸಲು ಹೋದ ರಾಕ್ಷಸರಿಗೆ ಅವನ ಉಸಿರಿನ ರಭಸಕ್ಕೆ ಗುಹೆಯೊಳಗೆ ನಿಲ್ಲುವುದೇ ಕಷ್ಟವಾಗುತ್ತದೆ. ಅಷ್ಟು ದೊಡ್ಡ ಉಸಿರು, ಆದ್ದರಿಂದ ಅಷ್ಟು ದೊಡ್ಡ ನಿದ್ದೆ. ಗೊರಕೆಗೂ ಗಾಢ ನಿದ್ದೆಗೂ ನಮ್ಮ ಮನಸ್ಸಿನಲ್ಲಿ ಬಿದ್ದಿರುವ ಗಂಟು ಅಷ್ಟು ಹಳೆಯದು. ‘ಪುಣ್ಯವಂತರು, ತಲೆ ಇಟ್ಟ ಕೂಡಲೇ ನಿದ್ದೆ’ ಎಂದು ನಿಟ್ಟುಸಿರು ಬಿಡುವವರನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೆ! ಆ ಗಂಟನ್ನು ಸ್ವಲ್ಪ ಸಡಿಲಿಸಬೇಕು ಎಂಬುದು ನನ್ನ ಆಸೆ.

ದಾವಣಗೆರೆಯಲ್ಲಿರುವ ನಮ್ಮ ಭಾವ ಬಂಧುಬಳಗದಲ್ಲೆಲ್ಲ ಅಂಥ ಪುಣ್ಯವಂತರೆಂದೇ ಹೆಸರಾದವರು. ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿ ನಿವೃತ್ತರಾದವರು. ಪೇಪರು ಕೈಯಲ್ಲಿದ್ದಂತೆಯೇ ನಿದ್ದೆ, ಟಿ.ವಿ.ಯಲ್ಲಿ ವಾರ್ತೆ ಮುಗಿಯುವುದರೊಳಗೆ ನಿದ್ದೆ, ಸಂಗೀತ ಕಚೇರಿಯಲ್ಲಿ ಆಲಾಪನೆಗೇ ನಿದ್ದೆ. ದಪ್ಪ ಮೈಯೇನೂ ಅಲ್ಲ. ಊಟ ಮಿತ, ದಿನವೂ ವಾಕಿಂಗ್ ತಪ್ಪಿಸದವರು. ಆದರೂ ಬೆಳಿಗ್ಗೆ ಏಳುವಾಗ ತಲೆ ಭಾರ, ಬಾಯಿ ಒಣಗಿ ಬೆಂಡು. ರಾತ್ರಿಯಿಡೀ ಮೂತ್ರಕ್ಕೆ ಏಳುವುದು. ಬಿ.ಪಿ. ಮಾತ್ರೆ ಒಂದಿದ್ದದ್ದು ಎರಡಾಗಿ, ಎರಡು ಮೂರಾದರೂ ಹದಕ್ಕೆ ಬರಲಿಲ್ಲ. ಸಕ್ಕರೆ ಕಾಯಿಲೆಯ ಪರೀಕ್ಷೆ ಆಯಿತು, ಪ್ರಾಸ್ಟೇಟ್ ಪರೀಕ್ಷೆಯೂ ಆಯಿತು. ಎರಡರಲ್ಲೂ ಹೇಳಿಕೊಳ್ಳುವಂಥದ್ದು ಏನೂ ಸಿಗಲಿಲ್ಲ. ‘ವಯಸ್ಸಾಯ್ತಲ್ಲ’ ಎಂಬ ಉತ್ತರಕ್ಕೆ ಎಲ್ಲರೂ ಒಪ್ಪಿಕೊಂಡು ಸುಮ್ಮನಾದರು, ಒಬ್ಬಳನ್ನು ಬಿಟ್ಟು.

ಆ ಒಬ್ಬಳು ನನ್ನ ಅಕ್ಕ. ಅವಳಿಗೆ ಗೊತ್ತಿದ್ದ ಸಂಗತಿ ಯಾವ ರಿಪೋರ್ಟಿನಲ್ಲೂ ಇರಲಿಲ್ಲ. “ಗೊರಕೆಗೆ ನನ್ನ ಕಿವಿ ಎಂದೋ ಒಗ್ಗಿಹೋಗಿತ್ತಪ್ಪ. ಅದು ನಿಂತಾಗಲೇ ನನಗೆ ಎಚ್ಚರ ಆಗ್ತಿತ್ತು. ಒಂದು, ಎರಡು, ಮೂರು ಅಂತ ಎಣಿಸ್ತಾ ಕೂತ್ಕೊಳ್ಳೋಳು. ಉಸಿರೇ ಇಲ್ಲ. ಆಮೇಲೆ ಒಮ್ಮೆಲೇ ಬಾವಿಯಿಂದ ಮೇಲೆ ಬಂದವರ ಹಾಗೆ ಹೂಂಕರಿಸಿ ಮತ್ತೆ ಶುರು. ಭುಜ ಅಲುಗಾಡಿಸಿದ್ರೆ ‘ಏನೇ, ನಿದ್ದೆ ಕೆಡಿಸ್ತೀಯ’ ಅಂತ ನನಗೇ ಬೈಗುಳ” ಎಂದು ಅವಳು ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ. ಜ್ವರ ಬಂದರೆ ಬಂದವರಿಗೇ ಗೊತ್ತಾಗುತ್ತದೆ, ಹಲ್ಲು ನೋವಾದರೆ ಊರಿಗೇ ಗೊತ್ತಾಗುವಂತೆ ಮಾಡುತ್ತೇವೆ. ಈ ಕಾಯಿಲೆ ಬಂದವರು ಮಾತ್ರ ತಮ್ಮ ಕಾಯಿಲೆಯ ಹೊತ್ತಿನಲ್ಲಿ ತಾವೇ ಹಾಜರಿರುವುದಿಲ್ಲ. ಅದಕ್ಕೆ ಸಾಕ್ಷಿ ಪಕ್ಕದಲ್ಲಿ ಮಲಗಿದವರು. ಆ ಸಾಕ್ಷಿಯನ್ನು ಕರೆದು ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ.

ಅಕ್ಕ ಕತ್ತಲಲ್ಲಿ ಎಣಿಸುತ್ತಿದ್ದದ್ದಕ್ಕೆ ವೈದ್ಯರು ಇಟ್ಟ ಹೆಸರು ಸ್ಲೀಪ್ ಆಪ್ನಿಯಾ. ಮೂಗಿನಿಂದ ಶ್ವಾಸಕೋಶದವರೆಗಿನ ದಾರಿಯಲ್ಲಿ ಕೆಳಗಿನ ಭಾಗಕ್ಕೆ ಮೃದ್ವಸ್ಥಿಯ ಬಳೆಗಳ ಆಸರೆ ಇದೆ, ಮೇಲೆ ಮೂಗಿಗೆ ಎಲುಬಿನ ಆಸರೆ ಇದೆ. ನಡುವಿನ ಗಂಟಲಿಗೆ ಮಾತ್ರ ಅಂಥದ್ದೇನೂ ಇಲ್ಲ. ಬರೀ ಸ್ನಾಯು, ಬರೀ ಮೆತ್ತನೆಯ ಗೋಡೆ. ಎಳನೀರು ಹೀರುವಾಗ ಕಾಗದದ ಕೊಳವೆ ನೆನೆದು ಮೆತ್ತಗಾದರೆ ಏನಾಗುತ್ತದೆ? ನಾವು ಜೋರಾಗಿ ಹೀರಿದಷ್ಟೂ ಅದು ಒಳಕ್ಕೆ ಕುಸಿದು ಮುಚ್ಚಿಕೊಳ್ಳುತ್ತದೆ. ಗಂಟಲಿನ ಕತೆಯೂ ಅದೇ. ಎಚ್ಚರವಿರುವಾಗ ಸುತ್ತಲಿನ ಸ್ನಾಯುಗಳು ಬಿಗಿಯಾಗಿದ್ದು ದಾರಿ ತೆರೆದಿಡುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ನಾಲಿಗೆಯನ್ನು ಮುಂದಕ್ಕೆ ಎಳೆದು ಹಿಡಿಯುವ ಸ್ನಾಯು. ಅದರ ಬುಡ ಎಲ್ಲಿ ಅಂಟಿಕೊಂಡಿದೆ ಎಂದರೆ, ನಮ್ಮ ಗಲ್ಲದ ಒಳಮೈಯಲ್ಲಿ, ಕೆಳದವಡೆಯ ಎಲುಬಿಗೆ. ಈ ಒಂದು ಅಂಟನ್ನು ನೆನಪಿಡಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ನಿದ್ದೆ ಹತ್ತಿದ ಮೇಲೆ ಈ ಸ್ನಾಯು ಸಡಿಲಾಗುತ್ತದೆ, ನಾಲಿಗೆಯ ಬುಡ ಹಿಂದಕ್ಕೆ ಜಾರುತ್ತದೆ. ದಾರಿ ಕಿರಿದಾದಾಗ ಅಂಗುಳದ ಮೆತ್ತನೆಯ ಭಾಗ ಅದುರಿ ಗೊರಕೆ. ಪೂರ್ತಿ ಮುಚ್ಚಿದಾಗ ಮೌನ.

ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಉಸಿರು ನಿಂತರೆ ಅದನ್ನು ಒಂದು ಆಪ್ನಿಯಾ ಎಂದು ಲೆಕ್ಕ ಹಿಡಿಯುತ್ತಾರೆ. ಎದೆ ಏರಿಳಿಯುತ್ತಲೇ ಇರುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಅರೆಗಳಿಗೆ ಎಚ್ಚರಗೊಂಡು ಸ್ನಾಯುಗಳನ್ನು ಬಿಗಿಮಾಡುತ್ತದೆ. ದಾರಿ ತೆರೆಯುತ್ತದೆ. ಆ ಎಚ್ಚರ ಎಷ್ಟು ಚಿಕ್ಕದೆಂದರೆ ಬೆಳಿಗ್ಗೆ ಅದರ ನೆನಪೇ ಉಳಿಯುವುದಿಲ್ಲ. ಗಂಟೆಗೆ ಮೂವತ್ತು ಸಲ ಹೀಗಾದರೆ ಎಂಟು ಗಂಟೆ ಹಾಸಿಗೆಯಲ್ಲಿದ್ದ ಮನುಷ್ಯ ನಿಜವಾಗಿ ಮಲಗಿದ್ದು ಚೂರುಚೂರು ನಿದ್ದೆಯಲ್ಲಿ. ಪ್ರತಿ ಸಲವೂ ಹೃದಯ ಓಡುತ್ತದೆ, ರಕ್ತದೊತ್ತಡ ಏರುತ್ತದೆ. ಔಷಧಕ್ಕೆ ಬಗ್ಗದ ಬಿ.ಪಿ., ಹೃದಯದ ಲಯ ತಪ್ಪುವುದು, ಪಾರ್ಶ್ವವಾಯು, ಮಧುಮೇಹ ಇವುಗಳ ಜೊತೆಗೆಲ್ಲ ಈ ಕಾಯಿಲೆಗೆ ನಂಟಿದೆ. ಭಾವನವರು ರಾತ್ರಿ ಮೂತ್ರಕ್ಕೆ ಏಳುತ್ತಿದ್ದುದರ ಮೂಲವೂ ಇಲ್ಲಿಯೇ ಇತ್ತು. ಮುಚ್ಚಿದ ದಾರಿಯ ವಿರುದ್ಧ ಉಸಿರೆಳೆಯುವಾಗ ಎದೆಗೂಡಿನೊಳಗಿನ ಒತ್ತಡ ತಗ್ಗಿ, ಹೃದಯಕ್ಕೆ ರಕ್ತ ಹೆಚ್ಚು ನುಗ್ಗಿ ಅದರ ಗೋಡೆ ಹಿಗ್ಗುತ್ತದೆ. ಮೈಯಲ್ಲಿ ನೀರು ಹೆಚ್ಚಾಗಿದೆ ಎಂದುಕೊಂಡ ಹೃದಯ ಅದನ್ನು ಹೊರಹಾಕುವ ಹಾರ್ಮೋನನ್ನು ಬಿಡುತ್ತದೆ. ಗಂಟಲಿನ ತೊಂದರೆ ಮೂತ್ರಕೋಶದ ಬಾಗಿಲಲ್ಲಿ ಬಂದು ನಿಂತರೆ ಯಾರು ತಾನೆ ಗುರುತು ಹಿಡಿಯಬೇಕು?

ಗುರುತು ಹಿಡಿಯಲು ಜಗತ್ತಿಗೇ ಬಹಳ ಕಾಲ ಹಿಡಿಯಿತು. ಡಿಕನ್ಸ್ 1836-37ರಲ್ಲಿ ಕಂತುಕಂತಾಗಿ ಬರೆದ ‘ಪಿಕ್‌ವಿಕ್ ಪೇಪರ್ಸ್’ನಲ್ಲಿ ಜೋ ಎಂಬ ದಪ್ಪ ಹುಡುಗ ಕೂತಲ್ಲಿ ನಿಂತಲ್ಲಿ ನಿದ್ದೆಹೋಗಿ ಗೊರಕೆ ಹೊಡೆಯುತ್ತಾನೆ. ಓದಿದವರೆಲ್ಲ ನಕ್ಕರು. 1956ರಲ್ಲಿ ಅಮೆರಿಕದ ವೈದ್ಯರು ಅತಿ ಸ್ಥೂಲಕಾಯದ, ತೂಕಡಿಸುವ ರೋಗಿಯೊಬ್ಬನನ್ನು ವಿವರಿಸುವಾಗ ಆ ಕಾದಂಬರಿಯ ಹೆಸರನ್ನೇ ಕಾಯಿಲೆಗೆ ಇಟ್ಟರು. 1965ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಗಾಸ್ಟೋ ಮತ್ತು ಸಂಗಡಿಗರು, ಜರ್ಮನಿಯಲ್ಲಿ ಯುಂಗ್ ಮತ್ತು ಕುಹ್ಲೋ, ಮಲಗಿದ ರೋಗಿಗಳ ಉಸಿರಾಟವನ್ನು ರಾತ್ರಿಯಿಡೀ ದಾಖಲಿಸಿ ಅದು ಮತ್ತೆಮತ್ತೆ ನಿಲ್ಲುವುದನ್ನು ತೋರಿಸಿದರು. ಆಗ ಇದ್ದ ಗಟ್ಟಿ ಚಿಕಿತ್ಸೆ ಒಂದೇ, ಗಂಟಲಿಗೆ ಹೊರಗಿನಿಂದ ತೂತು ಕೊರೆದು ಕೊಳವೆ ಇಡುವುದು. 1980ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಎಂಬ ವೈದ್ಯರು ಆ ಶಸ್ತ್ರಚಿಕಿತ್ಸೆ ಬೇಡವೆಂದ ರೋಗಿಯೊಬ್ಬರ ಮೂಗಿಗೆ ಮುಸುಕು ಕಟ್ಟಿ, ಯಂತ್ರದಿಂದ ಸಣ್ಣ ಒತ್ತಡದ ಗಾಳಿಯನ್ನು ಸತತವಾಗಿ ಊದಿಸಿದರು. ಆ ಗಾಳಿಯೇ ಒಳಗಿನಿಂದ ಗೋಡೆಗಳನ್ನು ಹಿಡಿದು ನಿಲ್ಲಿಸಿತು, ರೋಗಿ ನಿದ್ದೆ ಮಾಡಿದರು. ಇಂದು ಸಿಪ್ಯಾಪ್ ಎಂದು ಕರೆಯುವ ಯಂತ್ರ ಹುಟ್ಟಿದ್ದು ಹಾಗೆ.

ಇದರಲ್ಲೆಲ್ಲ ಹಲ್ಲಿನ ಡಾಕ್ಟರು ಎಲ್ಲಿ ಬಂದರು? ಭಾವನವರ ಮಟ್ಟಿಗೆ ಅವರು ಬಂದದ್ದು ಒಂದು ದವಡೆಹಲ್ಲಿನ ನೆಪದಲ್ಲಿ. ಹಲ್ಲಿನ ಮೂಲೆ ಚೂರು ಕಿತ್ತುಬಂದಿತ್ತು. ದಾವಣಗೆರೆ ಬೆಣ್ಣೆದೋಸೆಯಷ್ಟೇ ದಂತವೈದ್ಯ ಕಾಲೇಜುಗಳಿಗೂ ಹೆಸರಾದ ಊರು. ಅಲ್ಲಿ ಕಲಿತು ಅಲ್ಲೇ ಕ್ಲಿನಿಕ್ ಇಟ್ಟ, ಒಂದು ಕಾಲಕ್ಕೆ ಭಾವನವರ ವಿದ್ಯಾರ್ಥಿನಿಯೇ ಆಗಿದ್ದ ವೈದ್ಯೆಯ ಬಳಿ ಹೋದರು. ಅವರು ಚೂರಾದ ಹಲ್ಲನ್ನು ನೋಡಿ ಅಲ್ಲಿಗೇ ನಿಲ್ಲಿಸಲಿಲ್ಲ. ಎಲ್ಲ ಹಲ್ಲುಗಳ ತಲೆಯೂ ಸವೆದು ಚಪ್ಪಟೆಯಾಗಿತ್ತು, ರಾತ್ರಿ ಹಲ್ಲು ಕಡಿಯುವವರಿಗೆ ಆಗುವಂತೆ. ನಾಲಿಗೆಯ ಅಂಚಿನುದ್ದಕ್ಕೂ ಹಲ್ಲುಗಳ ಅಚ್ಚು ಬಿದ್ದಿತ್ತು. ಇದ್ದ ಜಾಗ ಸಾಲದೆ ನಾಲಿಗೆ ಹಲ್ಲುಗಳಿಗೆ ಒತ್ತಿಕೊಂಡದ್ದರ ಗುರುತು. ಅಂಗುಳ ಕಿರಿದಾಗಿ ಕಮಾನಿನಂತೆ ಮೇಲೆದ್ದಿತ್ತು. ಕೆಳದವಡೆ ಸ್ವಲ್ಪ ಹಿಂದಿತ್ತು. ಬಾಯಿ ಅಗಲಿಸಿ ನಾಲಿಗೆ ಹೊರಚಾಚಲು ಹೇಳಿದಾಗ ಕಿರುನಾಲಿಗೆ ಕಾಣಲೇ ಇಲ್ಲ. ಆಗ ಅವರು “ಸರ್, ಹೊರಗೆ ಮೇಡಂ ಕೂತಿದ್ದಾರಲ್ಲ, ಅವರನ್ನ ಸ್ವಲ್ಪ ಒಳಗೆ ಕರೀಲಾ?” ಎಂದರಂತೆ. ಅಕ್ಕ ಒಳಗೆ ಹೋದಳು. “ರಾತ್ರಿ ಸರ್ ಉಸಿರು ನಿಲ್ಲಿಸಿದ ಹಾಗೆ ಆಗೋದನ್ನ ಏನಾದ್ರೂ ನೋಡಿದ್ದೀರಾ ಮೇಡಂ?” ಎಷ್ಟೋ ವರ್ಷಗಳಿಂದ ಯಾರಾದರೂ ಕೇಳಲಿ ಎಂದು ಕಾದಿದ್ದವಳಿಗೆ ಕೊನೆಗೂ ಪ್ರಶ್ನೆ ಸಿಕ್ಕಿತ್ತು.

ನಾಲಿಗೆ ಚಾಚಿದಾಗ ಗಂಟಲು ಎಷ್ಟು ಕಾಣುತ್ತದೆ ಎಂದು ಅಳೆಯುವ ಆ ಕ್ರಮಕ್ಕೆ ಮಲ್ಲಂಪಾಟಿ ವರ್ಗೀಕರಣ ಎಂದು ಹೆಸರು. ನಮ್ಮ ಪಕ್ಕದ ಆಂಧ್ರದಲ್ಲಿ ಹುಟ್ಟಿ ಬಾಸ್ಟನ್ನಿನಲ್ಲಿ ಅರಿವಳಿಕೆ ತಜ್ಞರಾಗಿದ್ದ ಶೇಷಗಿರಿ ಮಲ್ಲಂಪಾಟಿ ಅವರು ಇದನ್ನು 1985ರಲ್ಲಿ ಪ್ರಕಟಿಸಿದರು. ಆಪರೇಷನ್ನಿಗೆ ಮುನ್ನ ಯಾರ ಗಂಟಲಿಗೆ ಉಸಿರಿನ ಕೊಳವೆ ಇಳಿಸುವುದು ಕಷ್ಟವಾದೀತು ಎಂದು ಮೊದಲೇ ಊಹಿಸುವುದು ಅವರ ಉದ್ದೇಶವಾಗಿತ್ತು. ಮೊದಲು ಮೂರು ದರ್ಜೆ ಇದ್ದವು, ನಂತರ ನಾಲ್ಕಾದವು. ಯಾವ ಉಪಕರಣವೂ ಬೇಡ, ಕಣ್ಣು ಮತ್ತು ಬೆಳಕು ಸಾಕು. ಇಂದು ಜಗತ್ತಿನ ಯಾವ ಆಪರೇಷನ್ ಥಿಯೇಟರಿಗೆ ಹೋದರೂ ಈ ತೆಲುಗು ಮನೆತನದ ಹೆಸರು ಕೇಳಿಸುತ್ತದೆ. ಅದೇ ನೋಟ ನಿದ್ದೆಯ ಉಸಿರಿನ ಸುಳಿವನ್ನೂ ಕೊಡಬಲ್ಲದು ಎಂಬುದು ಆಮೇಲೆ ತಿಳಿದದ್ದು. ದಂತವೈದ್ಯರ ಕುರ್ಚಿ ನನಗೆ ಮುಖ್ಯವಾಗಿ ಕಾಣುವುದು ಇದಕ್ಕೇ. ಮನುಷ್ಯ ಎಚ್ಚರವಾಗಿದ್ದಾಗಲೇ, ಹಗಲು ಹೊತ್ತಿನಲ್ಲಿ, ಒಳ್ಳೆಯ ದೀಪದ ಕೆಳಗೆ, ಅವನ ರಾತ್ರಿಯ ಗುರುತುಗಳನ್ನು ಓದಬಲ್ಲವರು ಅವರು. ಆರೋಗ್ಯವಾಗಿರುವವರೂ ಆಗಾಗ ಹೋಗಿ ಬಾಯಿ ತೆರೆದು ಕೂರುವ ಜಾಗ ಬೇರೆ ಯಾವುದಿದೆ?

ಆ ವೈದ್ಯೆಯ ಮೇಲೆ ನನಗೆ ಗೌರವ ಹೆಚ್ಚಾದದ್ದು ಅವರು ಮುಂದೆ ಮಾಡಿದ ಕೆಲಸದಿಂದ. ‘ನಿಮಗೆ ಇಂಥ ಕಾಯಿಲೆ’ ಎಂದು ಅವರು ತಾವೇ ಹೇಳಲಿಲ್ಲ. ಸಂಶಯವನ್ನು ಬರೆದು, ಶ್ವಾಸಕೋಶ ತಜ್ಞರ ಬಳಿಗೆ ಕಳಿಸಿದರು. ಅಮೆರಿಕದ ದಂತವೈದ್ಯರ ಸಂಘ 2017ರಲ್ಲಿ ತನ್ನ ಸದಸ್ಯರಿಗೆ ಹೇಳಿದ್ದೂ ಇದನ್ನೇ: ಸುಳಿವು ಹುಡುಕುವುದು, ಬಾಯಲ್ಲಿ ಹಾಕಿಕೊಳ್ಳುವ ಸಾಧನ ಮಾಡಿಕೊಡುವುದು ದಂತವೈದ್ಯರ ಕೆಲಸ, ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ವೈದ್ಯರ ಕೆಲಸ. ತೀರ್ಮಾನಕ್ಕೆ ನಿದ್ರಾ ಪರೀಕ್ಷೆ ಬೇಕು. ತಲೆಗೆ, ಕಣ್ಣಿನ ಬದಿಗೆ, ಗಲ್ಲಕ್ಕೆ, ಎದೆಗೆ ತಂತಿಗಳು, ಬೆರಳಿಗೆ ಆಮ್ಲಜನಕ ಅಳೆಯುವ ಚಿಮ್ಮಟ, ಮೂಗಿನ ಬಳಿ ಗಾಳಿಯ ಓಡಾಟ ಹಿಡಿಯುವ ಕೊಳವೆ, ಎದೆಗೂ ಹೊಟ್ಟೆಗೂ ಪಟ್ಟಿ. ಹೀಗೆ ಒಂದು ರಾತ್ರಿ ಮಲಗಬೇಕು. ಈಗ ಕೆಲವರಿಗೆ ಇದರ ಸರಳ ರೂಪವನ್ನು ಮನೆಯಲ್ಲೇ ಮಾಡುತ್ತಾರೆ. ಉಸಿರು ನಿಂತದ್ದು, ಅರ್ಧಂಬರ್ಧ ಆದದ್ದು ಎರಡನ್ನೂ ಕೂಡಿಸಿ ಗಂಟೆಗೆ ಐದಕ್ಕಿಂತ ಕಡಿಮೆ ಇದ್ದರೆ ಚಿಂತೆಯಿಲ್ಲ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30ರ ಮೇಲೆ ತೀವ್ರ. ಭಾವನವರದು ಮಧ್ಯಮ ಎಂದು ಬಂತು. ರಿಪೋರ್ಟಿನ ಗೆರೆಗಳನ್ನು ತಜ್ಞರು ತೋರಿಸಿದಾಗ ಅಕ್ಕ ಒಂದು ಕಡೆ ಬೆರಳಿಟ್ಟು, “ಇಲ್ಲೇ ನೋಡ್ರಿ, ಬೆಳಗಿನ ಜಾವ ಬಾಳ ಹೊತ್ತು ನಿಂತಿರೋದು, ನಾನು ಹೇಳಿರಲಿಲ್ವಾ?” ಎಂದಳಂತೆ. ಅವಳು ಹೇಳಿದ್ದು ಸರಿಯಾಗಿತ್ತು. ಕನಸಿನ ನಿದ್ದೆ ಬೆಳಗಿನ ಜಾವವೇ ಹೆಚ್ಚು. ಆಗ ಸ್ನಾಯುಗಳು ಎಲ್ಲಕ್ಕಿಂತ ಸಡಿಲ.

ಮೊದಲು ಕೊಟ್ಟದ್ದು ಸಿಪ್ಯಾಪ್ ಯಂತ್ರವನ್ನೇ. ಅದರ ಬಗ್ಗೆ ಹಗುರವಾಗಿ ಮಾತಾಡಬಾರದು. ಉಸಿರಿನ ತಡೆಯನ್ನು ತಗ್ಗಿಸುವುದರಲ್ಲಿ ಅದರ ಸಮಕ್ಕೆ ಬಾಯಿಯ ಸಾಧನ ಬರುವುದಿಲ್ಲ; ತೀವ್ರ ಕಾಯಿಲೆಯವರಿಗೆ ಅದೇ ಮೊದಲ ಆಸರೆ. ಆದರೆ ಮುಖಕ್ಕೆ ಮುಸುಕು ಕಟ್ಟಿಕೊಂಡು ಮಲಗುವುದು ಎಲ್ಲರ ಕೈಲೂ ಆಗುವುದಿಲ್ಲ. ಭಾವ ಪ್ರಾಮಾಣಿಕವಾಗಿ ಹೆಣಗಿದರು. ಉಸಿರು ಕಟ್ಟಿದಂತಾಗಿ ನಡುರಾತ್ರಿ ತಮಗೇ ತಿಳಿಯದಂತೆ ಕಿತ್ತಿಡುತ್ತಿದ್ದರು. ತೋಟದ ಕೆಲಸಕ್ಕೆಂದು ಚನ್ನಗಿರಿ ಕಡೆಯ ಹಳ್ಳಿಗೆ ಹೋದರೆ ಅಲ್ಲಿ ರಾತ್ರಿ ಕರೆಂಟು ಹೋಗುತ್ತದೆ, ಯಂತ್ರವೂ ನಿಲ್ಲುತ್ತದೆ. ಹಾಕಿಕೊಳ್ಳದ ಯಂತ್ರ ಎಷ್ಟು ಒಳ್ಳೆಯದಾದರೇನು? 2015ರಲ್ಲಿ ಅಮೆರಿಕದ ನಿದ್ರಾವೈದ್ಯರ ಮತ್ತು ನಿದ್ರಾ ದಂತವೈದ್ಯರ ಸಂಸ್ಥೆಗಳು ಒಟ್ಟಿಗೆ ಕೂತು ಬರೆದ ಮಾರ್ಗಸೂಚಿ ಇಂಥವರಿಗಾಗಿಯೇ ದಾರಿ ತೆರೆಯಿತು: ಸಿಪ್ಯಾಪ್ ತಾಳದವರಿಗೆ, ಬೇರೆ ದಾರಿ ಬೇಕೆನ್ನುವ ವಯಸ್ಕರಿಗೆ, ಅವರವರ ಬಾಯಿಯ ಅಳತೆಗೇ ಮಾಡಿದ ಸಾಧನವನ್ನು ಕೊಡಬಹುದು. ಹೀಗೆ ಭಾವ ಮತ್ತೆ ಆ ಹಲ್ಲಿನ ಕುರ್ಚಿಗೇ ಬಂದರು.

ಸಾಧನದ ತತ್ವವನ್ನು ತಿಳಿಯಲು ಆಪರೇಷನ್ ಥಿಯೇಟರಿಗೇ ಒಮ್ಮೆ ಹೋಗಿಬರಬೇಕು. ಅರಿವಳಿಕೆ ಕೊಟ್ಟ ರೋಗಿಯ ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟಿದರೆ ವೈದ್ಯರು ಏನು ಮಾಡುತ್ತಾರೆ? ಎರಡೂ ಕಿವಿಯ ಕೆಳಗೆ ಬೆರಳಿಟ್ಟು ಕೆಳದವಡೆಯನ್ನು ಮುಂದಕ್ಕೆ ಎತ್ತುತ್ತಾರೆ. ಗಲ್ಲದ ಒಳಮೈಗೆ ಅಂಟಿದ ಸ್ನಾಯು ನಾಲಿಗೆಯನ್ನು ಜೊತೆಗೇ ಎಳೆದುಕೊಂಡು ಬರುತ್ತದೆ, ದಾರಿ ತೆರೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ಶಸ್ತ್ರವೈದ್ಯ ಎಸ್ಮಾರ್ಕ್ ಮತ್ತು ನಾರ್ವೆಯ ಹೈಬರ್ಗ್ ಅವರ ಹೆಸರಿನಲ್ಲಿ ಈ ಕೈಚಳಕ ಇಂದಿಗೂ ಬಳಕೆಯಲ್ಲಿದೆ. ಪ್ಯಾರಿಸ್ಸಿನ ಪಿಯರ್ ರೋಬಿನ್ ಬಾಯಿ ಮತ್ತು ಹಲ್ಲುಗಳ ವೈದ್ಯ. ಅವರು 1902ರಲ್ಲೇ ಕೆಳದವಡೆಯನ್ನು ಮುಂದಿಡುವ ಸಾಧನವೊಂದನ್ನು ಮಾಡಿದ್ದರು. ಪುಟ್ಟ ದವಡೆಯೊಂದಿಗೆ ಹುಟ್ಟಿ, ನಾಲಿಗೆ ಹಿಂದೆ ಬಿದ್ದು ಉಸಿರಾಡಲು ಒದ್ದಾಡುವ ಹಸುಗೂಸುಗಳ ಬಗ್ಗೆ 1923ರಲ್ಲಿ ಬರೆದರು. ಆ ಸ್ಥಿತಿ ಇಂದು ಅವರ ಹೆಸರಿನದೇ. ದವಡೆಗೂ ಉಸಿರಿಗೂ ಇರುವ ಸಂಬಂಧವನ್ನು ಹಲ್ಲಿನ ಕಡೆಯಿಂದ ಬಂದವರೊಬ್ಬರು ಅಷ್ಟು ಹಿಂದೆಯೇ ಕಂಡಿದ್ದರು. 1982ರಲ್ಲಿ ಷಿಕಾಗೋದ ರೊಸಾಲಿಂಡ್ ಕಾರ್ಟ್‌ರೈಟ್ ಮತ್ತು ಸ್ಯಾಮೆಲ್ಸನ್ ನಾಲಿಗೆಯನ್ನೇ ಮುಂದಕ್ಕೆ ಹಿಡಿದಿಡುವ ಬಟ್ಟಲಿನಂಥ ಸಾಧನವನ್ನು ಪರೀಕ್ಷಿಸಿದರು. ಅದೇ ದಶಕದಲ್ಲಿ ಜರ್ಮನಿಯ ಮೈಯರ್-ಎವರ್ಟ್ ದವಡೆ ಮುಂದಿಡುವ ಸಾಧನವನ್ನು ಸ್ಲೀಪ್ ಆಪ್ನಿಯಾಕ್ಕೆ ಬಳಸಿ, ಅದಕ್ಕೆ ಎಸ್ಮಾರ್ಕರ ಹೆಸರನ್ನೇ ಇಟ್ಟರು. ಅರಿವಳಿಕೆ ವೈದ್ಯರ ಬೆರಳುಗಳು ಮಾಡುವ ಕೆಲಸವನ್ನು ರಾತ್ರಿಯಿಡೀ ಮಾಡುವ ವಸ್ತು ಅದು; ಆ ಹೆಸರು ಸಲ್ಲಬೇಕಾದದ್ದೇ.

ಭಾವನವರಿಗೆ ಮಾಡಿದ್ದೂ ಆ ಜಾತಿಯದೇ. ಮೇಲಿನ ಹಲ್ಲಿಗೊಂದು, ಕೆಳಗಿನ ಹಲ್ಲಿಗೊಂದು ಅಕ್ರಿಲಿಕ್ಕಿನ ಕವಚ. ಎರಡನ್ನೂ ಬೆಸೆಯುವ, ತಿರುಪಿ ಸರಿಹೊಂದಿಸಬಹುದಾದ ಸಣ್ಣ ಸ್ಕ್ರೂ. ಮೊದಲು ವಸಡು, ಹಲ್ಲುಗಳ ಗಟ್ಟಿತನ, ಕಿವಿಯ ಮುಂದಿನ ದವಡೆ ಕೀಲು ಎಲ್ಲವನ್ನೂ ಪರೀಕ್ಷೆ ಮಾಡಿದರು. ಸಾಧನ ಹಿಡಿದು ನಿಲ್ಲುವುದು ಹಲ್ಲುಗಳ ಬಲದ ಮೇಲೆ. ಅವು ಅಲುಗಾಡುತ್ತಿದ್ದರೆ, ತೀರಾ ಕಡಿಮೆಯಿದ್ದರೆ ಈ ದಾರಿಯಿಲ್ಲ. ಆಮೇಲೆ ಹಲ್ಲಿನ ಅಚ್ಚು ತೆಗೆದರು. ದವಡೆಯನ್ನು ಎಷ್ಟು ಮುಂದಕ್ಕೆ ಚಾಚಬಲ್ಲರು ಎಂದು ಅಳೆದು, ಅದರ ಅರ್ಧದಿಂದ ಶುರುಮಾಡಿದರು. ನಂತರ ವಾರಗಳುದ್ದಕ್ಕೂ ಮಿಲಿಮೀಟರಿನ ಭಾಗಗಳಲ್ಲಿ ಮುಂದಕ್ಕೆ. ಇಲ್ಲಿ ಆತುರ ನಡೆಯುವುದಿಲ್ಲ. ಹೆಚ್ಚು ಎಳೆದರೆ ಕೀಲು ನೋಯುತ್ತದೆ, ಕಡಿಮೆಯಾದರೆ ದಾರಿ ತೆರೆಯುವುದಿಲ್ಲ. ಮೊದಮೊದಲು ಬಾಯಲ್ಲಿ ಜೊಲ್ಲು ತುಂಬುತ್ತಿತ್ತು. ಬೆಳಿಗ್ಗೆ ಹಲ್ಲುಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ, ರೊಟ್ಟಿ ಕಡಿಯುವುದೇ ಕಷ್ಟವೆನಿಸುತ್ತಿತ್ತು. ಅದಕ್ಕೆ ದವಡೆಯನ್ನು ಹಿಂದಕ್ಕೆ ಕೂರಿಸುವ ವ್ಯಾಯಾಮ ಹೇಳಿಕೊಟ್ಟರು. ವರ್ಷಗಟ್ಟಲೆ ಹಾಕಿಕೊಂಡವರಲ್ಲಿ ಮೇಲಿನ ಕೆಳಗಿನ ಹಲ್ಲುಗಳ ಹೊಂದಾಣಿಕೆ ಸ್ವಲ್ಪ ಬದಲಾಗುವುದುಂಟು. ಆದ್ದರಿಂದ ತಪಾಸಣೆಗೆ ಹೋಗುತ್ತಲೇ ಇರಬೇಕು. ಗೊರಕೆ ನಿಂತಿತೆಂದು ಕಾಯಿಲೆ ನಿಂತಿತು ಎಂದುಕೊಳ್ಳುವಂತಿಲ್ಲ. ಸಾಧನ ಹಾಕಿಕೊಂಡೇ ಮತ್ತೊಂದು ನಿದ್ರಾ ಪರೀಕ್ಷೆ ಆಗಬೇಕು. ಭಾವನವರಿಗೆ ಅದೂ ಆಯಿತು, ಉಸಿರಿನ ತಡೆ ಸೌಮ್ಯದ ಕೆಳಗಿನ ತುದಿಗೆ ಇಳಿದಿತ್ತು. ಎಲ್ಲರಿಗೂ ಹೀಗೆ ಫಲ ಸಿಗುತ್ತದೆ ಎನ್ನುವಂತಿಲ್ಲ. ಕೆಲವರಿಗೆ ಅರ್ಧ ಗುಣ, ಕೆಲವರಿಗೆ ಏನೂ ಇಲ್ಲ. ಆನ್‌ಲೈನಿನಲ್ಲಿ ಸಿಗುವ, ಬಿಸಿನೀರಿನಲ್ಲಿ ಅದ್ದಿ ಕಚ್ಚಿಕೊಳ್ಳುವ ಅಗ್ಗದ ಸಾಧನಗಳನ್ನು ಕಂಡಾಗ ನನಗೆ ಆತಂಕವಾಗುವುದು ಇದೇ ಕಾರಣಕ್ಕೆ. ಅವು ಗೊರಕೆಯ ಸದ್ದನ್ನು ತಗ್ಗಿಸಿ, ಸಾಕ್ಷಿಯನ್ನೇ ಇಲ್ಲವಾಗಿಸಿ, ಕಾಯಿಲೆಯನ್ನು ಹಾಗೇ ಉಳಿಸಬಹುದು.

ಭಾವ ದಪ್ಪನೆಯವರಲ್ಲ ಎಂದೆನಲ್ಲ, ಅದು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಬೊಜ್ಜು ಈ ಕಾಯಿಲೆಯ ದೊಡ್ಡ ಕಾರಣ ನಿಜ; ತೂಕ ಇಳಿಸಿದರೆ ಎಷ್ಟೋ ಜನರಿಗೆ ಗುಣ ಕಾಣುತ್ತದೆ. ಆದರೆ ಏಷ್ಯಾದವರಲ್ಲಿ ಪಾಶ್ಚಾತ್ಯರಿಗಿಂತ ಕಡಿಮೆ ತೂಕಕ್ಕೇ ಇದು ಬರುವುದನ್ನು ವೈದ್ಯರು ಗಮನಿಸಿದ್ದಾರೆ. ಮುಖದ ಎಲುಬಿನ ಚೌಕಟ್ಟು ಚಿಕ್ಕದಿದ್ದರೆ ಒಳಗಿನ ನಾಲಿಗೆಗೆ ಜಾಗ ಸಾಲದು. ಮನುಷ್ಯನ ದವಡೆಯೇ ತಲೆಮಾರಿನಿಂದ ತಲೆಮಾರಿಗೆ ಕಿರಿದಾಗುತ್ತಿದೆ, ಮೆತ್ತನೆಯ ಊಟ ಅದಕ್ಕೊಂದು ಕಾರಣ ಎಂಬ ವಾದವೂ ಇದೆ. ನಮ್ಮ ಅಜ್ಜಂದಿರು ಕಬ್ಬಿನ ಜಲ್ಲೆಯನ್ನು ಹಲ್ಲಿನಲ್ಲೇ ಸಿಗಿದು ತಿಂದರು, ಒಣಕೊಬ್ಬರಿ ಬೆಲ್ಲ ಅಗಿದರು, ಕಟಕಲು ರೊಟ್ಟಿ ಮುರಿದರು. ಬುದ್ಧಿಹಲ್ಲಿಗೆ ಜಾಗವಿಲ್ಲದೆ ಇಂದಿನ ಮಕ್ಕಳು ಹಲ್ಲಿನ ಡಾಕ್ಟರ ಮುಂದೆ ಸಾಲು ನಿಲ್ಲುವುದನ್ನು ನೋಡಿದಾಗ ಆ ವಾದವನ್ನು ಸುಲಭವಾಗಿ ತಳ್ಳಿಹಾಕಲು ಮನಸ್ಸಾಗುವುದಿಲ್ಲ. ಮುದ್ದೆ ತಿಂದು ಬೆಳೆದ ನಮ್ಮ ಬಯಲುಸೀಮೆಯವರು ಮಾತ್ರ ಇಲ್ಲಿ ಒಂದು ಪ್ರಶ್ನೆ ಕೇಳಿಯಾರು: ಅದನ್ನು ಅಗಿಯುವುದೇ ಇಲ್ಲವಲ್ಲ, ನುಂಗುವುದಲ್ಲವೇ? ಹೌದು, ಮುದ್ದೆಯ ಜೊತೆಗೆ ಅವರು ಅಗಿದ ಅವರೆ, ಹುರುಳಿ, ಕಡಲೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ದವಡೆ ಬೆಳೆಯುವ ಕಾಲ ಬಾಲ್ಯ. ಆದ್ದರಿಂದ ಮಕ್ಕಳ ಬಾಯಿಯನ್ನು ನೋಡುವವರ ಹೊಣೆ ಇನ್ನೂ ದೊಡ್ಡದು. ಟಾನ್ಸಿಲ್, ಅಡಿನಾಯ್ಡ್ ಊದಿಕೊಂಡ ಮಗು ಬಾಯಲ್ಲಿ ಉಸಿರಾಡುತ್ತದೆ. ವರ್ಷಗಟ್ಟಲೆ ಬಾಯಿ ತೆರೆದೇ ಇದ್ದರೆ ಮುಖ ನೀಳವಾಗುತ್ತದೆ, ಅಂಗುಳ ಕಿರಿದಾಗುತ್ತದೆ, ಮೇಲಿನ ಹಲ್ಲು ಮುಂದೆ ಬರುತ್ತದೆ. ದೊಡ್ಡವರು ತೂಕಡಿಸಿದರೆ, ನಿದ್ದೆ ಕೆಟ್ಟ ಮಗು ತಿರುಗಾಮುರುಗಾ ಚಟುವಟಿಕೆ ಹೆಚ್ಚಿಸಿಕೊಳ್ಳುತ್ತದೆ. ಕೂತಲ್ಲಿ ಕೂರದು, ಪಾಠ ಹತ್ತದು, ರಾತ್ರಿ ಹಾಸಿಗೆ ಒದ್ದೆ. ತುಂಟ, ದಡ್ಡ ಎಂಬ ಹಣೆಪಟ್ಟಿ ಹೊತ್ತ ಎಷ್ಟೋ ಮಕ್ಕಳು ನಿಜವಾಗಿ ನಿದ್ದೆಗೆಟ್ಟವರಿರಬಹುದು. ಟಾನ್ಸಿಲ್ ಅಡ್ಡವಾಗಿದ್ದರೆ ಅದನ್ನು ತೆಗೆಯುವುದು ಮೊದಲ ಚಿಕಿತ್ಸೆ. ಅಂಗುಳ ಕಿರಿದಾಗಿದ್ದರೆ ದಂತವೈದ್ಯರು ಅದನ್ನು ನಿಧಾನವಾಗಿ ಅಗಲಿಸಬಲ್ಲರು. ಅಂಗುಳದ ಮೇಲ್ಮೈಯೇ ಮೂಗಿನ ನೆಲ, ಹಾಗಾಗಿ ಮೂಗಿನ ದಾರಿಯೂ ಅಗಲವಾಗುತ್ತದೆ. ಹೆಂಗಸರದು ಮತ್ತೊಂದು ಸಂಕಟ. ಮುಟ್ಟು ನಿಂತ ಮೇಲೆ ಅವರಲ್ಲಿ ಈ ಕಾಯಿಲೆ ಹೆಚ್ಚು. ಅವರು ಹೇಳಿಕೊಳ್ಳುವುದು ಸುಸ್ತು, ತಲೆನೋವು, ನಿದ್ದೆ ಬಾರದಿರುವುದು, ಮನಸ್ಸಿಗೆ ಬೇಸರ. ಗೊರಕೆಯನ್ನು ಹೆಣ್ಣಿಗೆ ಅವಮಾನ ಎಂದು ಎಣಿಸುವ ಸಮಾಜದಲ್ಲಿ ಅದನ್ನು ಬಾಯಿಬಿಟ್ಟು ಹೇಳುವವರು ಯಾರು? ಗಂಡನ ಉಸಿರನ್ನು ಹೆಂಡತಿ ಎಣಿಸುತ್ತಾಳೆ. ಹೆಂಡತಿಯ ಉಸಿರನ್ನು ಯಾರು ಎಣಿಸಬೇಕು?

ಗಂಟಲಿನ ಸ್ನಾಯುಗಳನ್ನೇ ಗಟ್ಟಿಮಾಡಿದರೆ ಹೇಗೆ ಎಂದು ಯೋಚಿಸಿದವರೂ ಇದ್ದಾರೆ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಡಿಜೆರಿಡೂ ಎಂಬ ಉದ್ದನೆಯ ಊದುವಾದ್ಯವನ್ನು ನಾಲ್ಕು ತಿಂಗಳು ಅಭ್ಯಾಸ ಮಾಡಿದವರಿಗೆ ಉಸಿರಿನ ತಡೆಯೂ ಹಗಲಿನ ತೂಕಡಿಕೆಯೂ ಕಡಿಮೆಯಾದದ್ದನ್ನು ಸ್ವಿಟ್ಜರ್ಲೆಂಡಿನ ಸಂಶೋಧಕರು 2006ರಲ್ಲಿ ವರದಿ ಮಾಡಿದರು. ಇತ್ತೀಚೆಗೆ, 2025ರಲ್ಲಿ, ಜೈಪುರದ ವೈದ್ಯರು ಮೂವತ್ತು ಜನರ ಸಣ್ಣ ಅಧ್ಯಯನದಲ್ಲಿ ಆರು ತಿಂಗಳು ಶಂಖ ಊದಿದವರಿಗೂ ಅಂಥದೇ ಲಾಭ ಕಂಡದ್ದನ್ನು ಪ್ರಕಟಿಸಿದರು. ಓದಿದ ಕೂಡಲೇ ನನಗೆ ನೆನಪಾದದ್ದು ಶನಿವಾರದ ಬೆಳಿಗ್ಗೆ ಶಂಖ ಜಾಗಟೆ ಹಿಡಿದು ಮನೆ ಬಾಗಿಲಿಗೆ ಬರುತ್ತಿದ್ದ ದಾಸಯ್ಯ, ಕೆನ್ನೆಯಲ್ಲಿ ಗಾಳಿ ತುಂಬಿಟ್ಟು ಉಸಿರು ಕಡಿಯದೆ ಊದುತ್ತಿದ್ದ ವಾಲಗದವರು. ಇಷ್ಟು ಸಣ್ಣ ಅಧ್ಯಯನಗಳನ್ನು ನಂಬಿ ಯಂತ್ರವನ್ನೋ ಸಾಧನವನ್ನೋ ಬಿಡುವುದು ಸರಿಯಲ್ಲ. ಆದರೆ ಗಂಟಲೂ ಬಳಸಿದಷ್ಟು ಬಲಿಯುವ ಅಂಗ ಎಂಬ ತಿಳಿವಳಿಕೆ ನನಗೆ ಸಂತೋಷ ಕೊಟ್ಟಿತು.

2019ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ಜಗತ್ತಿನಲ್ಲಿ 30ರಿಂದ 69ರ ವಯಸ್ಸಿನ 93 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆ. ದೆಹಲಿಯ ಏಮ್ಸ್ ವೈದ್ಯರು 2023ರಲ್ಲಿ ನಮ್ಮ ದೇಶದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ, ಭಾರತದಲ್ಲಿ ಸುಮಾರು 10 ಕೋಟಿ ವಯಸ್ಕರಿಗೆ ಇರಬಹುದೆಂದು ಲೆಕ್ಕ ಹಾಕಿದರು. ಇಷ್ಟು ಜನರನ್ನೂ ನಿದ್ರಾ ಪ್ರಯೋಗಾಲಯದ ಬಾಗಿಲಿಗೆ ಕಳಿಸುವವರು ಯಾರು? ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ನಿದ್ದೆಯ ಅಧ್ಯಯನ ನಡೆಯುತ್ತದೆ, ಆದರೆ ಅಲ್ಲಿಯವರೆಗೆ ಹೋಗಬೇಕೆಂದು ತಿಳಿಯುವುದೇ ಮೊದಲ ಕಷ್ಟ. ಹಲ್ಲಿನ ಕ್ಲಿನಿಕ್ಕು ಇಂದು ತಾಲ್ಲೂಕು ಊರುಗಳಲ್ಲೂ ಇದೆ. ಕರ್ನಾಟಕದಲ್ಲಿ ದಂತವೈದ್ಯ ಕಾಲೇಜುಗಳಿಗೇನೂ ಬರವಿಲ್ಲ. ಅಲ್ಲಿ ಕಲಿಯುವ ಪ್ರತಿಯೊಬ್ಬರೂ ಹಲ್ಲು ಎಣಿಸಿದ ಮೇಲೆ ಗಂಟಲನ್ನೂ ಒಮ್ಮೆ ನೋಡುವುದನ್ನು, ಜೊತೆಗೆ ಬಂದವರನ್ನು ಒಂದು ಮಾತು ಕೇಳುವುದನ್ನು ರೂಢಿಮಾಡಿಕೊಂಡರೆ ಎಷ್ಟು ದೊಡ್ಡ ಉಪಕಾರವಾದೀತು! ಹಗಲು ತೂಕಡಿಸುತ್ತಾ ಲಾರಿ, ಬಸ್ಸು ಓಡಿಸುವವರನ್ನು ನೆನೆದರೆ ಆ ಉಪಕಾರ ರೋಗಿಗೆ ಮಾತ್ರ ಸಲ್ಲುವುದಲ್ಲ ಎಂಬುದೂ ತಿಳಿಯುತ್ತದೆ.

ನಾವು ಮಾಡಬೇಕಾದದ್ದೂ ಇದೆ, ಅದೇನೂ ಕಷ್ಟದ್ದಲ್ಲ. ಮುಂದಿನ ಸಲ ಹಲ್ಲು ತೋರಿಸಲು ಹೋಗುವಾಗ ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗೋಣ. ಒಬ್ಬರೇ ಮಲಗುವವರು ಫೋನಿನಲ್ಲಿ ಒಂದು ರಾತ್ರಿಯ ಸದ್ದನ್ನು ಹಿಡಿದಿಟ್ಟುಕೊಂಡು ಹೋಗಲಿ. ಜೋರು ಗೊರಕೆ ಇದೆಯೇ, ನಡುವೆ ಉಸಿರು ನಿಲ್ಲುತ್ತದೆಯೇ, ಹಗಲು ಕೂತಲ್ಲೇ ನಿದ್ದೆ ಬರುತ್ತದೆಯೇ, ಬಿ.ಪಿ. ಹತೋಟಿ ತಪ್ಪಿದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಹೌದಾದರೆ ವೈದ್ಯರು ಕೇಳಲಿ ಎಂದು ಕಾಯದೆ ನಾವೇ ಹೇಳೋಣ. ಅಕ್ಕನಂಥವರು ಕತ್ತಲಲ್ಲಿ ಕೂತು ಎಣಿಸಿದ್ದು ಪ್ರೀತಿಯಿಂದ, ಭಯದಿಂದ. ಆ ಎಣಿಕೆ ವೈದ್ಯರ ಕಿವಿ ಮುಟ್ಟಿದ ದಿನವೇ ಚಿಕಿತ್ಸೆಯ ಮೊದಲ ದಿನ.